ಮೂವತ್ನಾಲ್ಕು ಹಲ್ಲು

ಶಹಾಬಾದ್. ಶುಕ್ರವಾರ, ಕರೆಂಟಿಲ್ಲ.
ಅಂಗಳದ ಫರಸಿ ಮ್ಯಾಲ ಹಳೇ ಲುಂಗಿ ಹಾಸಿ
ಬಿಚ್ಚಿದ ಬೋಲ್ಟು ಬಿಚ್ಚಿದ ಸಾಲಿಗೇ ಇಟ್ಟೀನಿ.
ಇಂಜಿನ್ನಿನ ಬಾಯಿಗೆ ಚಿಂದಿ ತುರುಕಿ,
ಚೈನು ಒಳಗ ಬೀಳಬಾರದಂತ
ತಂತಿ ಸುತ್ತಿ ಹ್ಯಾಂಡಲ್ಲಿಗೆ ಬಿಗಿದೀನಿ.

ಹಳೇ ಸ್ಪ್ರಾಕೆಟ್ಟು ಕೈಗೆ ಬಂತು,
ಹಲ್ಲೆಲ್ಲ ಸವೆದು ಮೀನಿನ ಮುಳ್ಳಿನಂಗ ಚೂಪ.
ನಾಗಿಂದ್ರಮ್ಮ ಆಯಿ ಮಡಿಲಾಗಿಟ್ಟು
ಉಗುರಿಲೆ ಎಣಿಸಿದಳು:
"ಮೂವತ್ನಾಲ್ಕು!
ನಂದ ಮೂರ ಉಳದಾವ.
ನನ್ನ ಯಾರರ ಬದಲು ಮಾಡ್ಯಾರೇನು?"

ಹೊಸಾದು ಕೂಡಿಸಿದೆ.
ಕೆಳಗಿನ ಗುರುತು ಗುರುತಿಗೆ,
ಮ್ಯಾಲಿನ ಗೆರೆ ಹೆಡ್ಡಿನ ಅಂಚಿಗೆ.
ಕೂಡ್ತು ಅಂದೆ.
"ಕೂಡಿಲ್ಲ."
"ಕೂಡೇದ, ಆಯಿ."
ಇಪ್ಪತ್ತೆರಡು ವರ್ಷ ಖಣಿಯಾಗ
ಸುಣ್ಣದ ದಾರ ಜಗ್ಗಿ ಕಲ್ಲಿಗೆ ಗೆರೆ ಹೊಡದಾಕಿ
ಒಂದು ಕಣ್ಣು ಮುಚ್ಚಿ ಬಗ್ಗಿದಳು:
"ಜ್ವಾಳದ ಕಾಳಷ್ಟು ಎಡಕ್ಕದ."

ನಕ್ಕೆ. ಪಾನಾ ಹಿಡಿದು
ಎರಡು ಸುತ್ತು ಮೆಲ್ಲಕ ತಿರುವಿದೆ.
ಚೈನು ತನ್ನ ಸಡಿಲು ತಾನೇ ಜಗ್ಗಿಕೊಂಡಿತು,
ಗೆರೆ ಸರಿದು ನಿಂತಿತು.
ಒಂದು ಹಲ್ಲು.
ಒಂದೇ.

ಮತ್ತ ಬಿಚ್ಚಿದೆ.
ಈ ಸಲ ಬೋಲ್ಟು ಬಿಗಿಯೋಕಿಂತ ಮೊದಲ
ಆಕಿ ಮಾರಿ ನೋಡಬೇಕಂತ ತಲಿ ಎತ್ತಿದರ
ಆಯಿ ಅಲ್ಲಿ ಇರಲೇ ಇಲ್ಲ.
ಒಳಗ, ಹಳೇ ಸ್ಪ್ರಾಕೆಟ್ಟಿನ ಮ್ಯಾಲ
ಕುದಿಯೋ ಚಾದ ಬೋಗಾಣಿ
ಅಲುಗದಂಗ ಇಳಿಸಿದ್ದಳು.