ಸೇತುವೆ ದಾಟಿದ ಮೇಲೆ

ಜೀಪಿನಿಂದಿಳಿದ ಕೆಂಜೆಬೆಕ್ ಹೇಳಿದ:
‘ಹುಲ್ಲುಗಾವಲಿಂದ ಇಲ್ಲಿಯತನಕ
ಗುಂಡಿ ಸಿಕ್ಕಾಗಲೆಲ್ಲ ಚೀರಿದಳು.
ಸೇತುವೆ ದಾಟಿದ ಮೇಲೆ ಸುಮ್ಮನಾದಳು.
ನೋವು ಇಳಿಯಿತು, ನಮ್ಮ ಪುಣ್ಯ.’

ಟೋಪಿ ತೆಗೆದು ನಕ್ಕ. ನನಗೆ ನಗು ಬರಲಿಲ್ಲ.

ಅತ್‌ಬಾಶಿಯ ಈ ಆಸ್ಪತ್ರೆಯಲ್ಲಿ
ಹನ್ನೆರಡು ಮಂಚ, ಒಂದು ಸೂಕ್ಷ್ಮದರ್ಶಕ, ನಾನು.
ಕತ್ತರಿ ಹಿಡಿಯುವವರು ನಾರಿನ್‌ನಲ್ಲಿ, ಗುಡ್ಡದಾಚೆ.

ಐಜಿರೆಕ್. ಆರು ವರ್ಷ. ಬಿಗಿದ ಮುಷ್ಟಿಯಲ್ಲಿ
ಕುರಿಯ ಕೀಲಿನ ಐದು ಮೂಳೆ, ಆಡುವಂಥವು,
ಒಂದಕ್ಕೆ ಮಾತ್ರ ಕೆಂಪು ಬಳಿದಿದೆ.
ಯಾವಾಗಿಂದ ನೋವು ಅಂದೆ.
ಅಜ್ಜ ಸಾತಿಬಾಲ್ದಿ ಗಂಟೆಯಲ್ಲಿ ಹೇಳಲಿಲ್ಲ,
ಹೆಣ್ಗುದುರೆಗಳ ಲೆಕ್ಕದಲ್ಲಿ ಹೇಳಿದ:
ನಿನ್ನೆ ಮೂರನೇ ಸಲ ಹಾಲು ಕರೆಯುವಾಗ ಹೊಕ್ಕುಳ ಸುತ್ತ,
ಐದನೇ ಸಲಕ್ಕೆ ಬಲಕ್ಕೆ ಸರಿಯಿತು, ವಾಂತಿ.
ಕುದುರೆಹಾಲಿಗೆ ಹುಳಿ ಹೆಚ್ಚಾಯಿತೇನೋ ಅಂದುಕೊಂಡೆವು.
ಎರಡು ಗಂಟೆಗೊಮ್ಮೆ ಕರೆಯುತ್ತಾರೆ, ರಾತ್ರಿ ಕರೆಯುವುದಿಲ್ಲ.
ಬೆರಳು ಮಡಿಸುತ್ತ ಹೋದೆ:
ಮೂವತ್ತು ಗಂಟೆ. ಹೆಚ್ಚೂ ಇರಬಹುದು.

ಜ್ವರಕ್ಕೊಂದು ಅಂಕ, ವಾಂತಿಗೊಂದು, ಊಟ ಒಲ್ಲೆನೆಂದಿದ್ದಕ್ಕೊಂದು,
ನೋವು ಜಾಗ ಬದಲಿಸಿದ್ದಕ್ಕೊಂದು,
ಬಲಗಡೆ ಮುಟ್ಟಿದರೆ ಹೌಹಾರಿದ್ದಕ್ಕೆ ಎರಡು,
ಕುಪ್ಪಳಿಸು ಅಂದರೆ ಕುಪ್ಪಳಿಸದೆ
ನೆಲ ನೋಡುತ್ತ ನಿಂತಿದ್ದಕ್ಕೆ ಇನ್ನೆರಡು.
ಗಾಜಿನ ಚೂರಿನ ಮೇಲೆ ಬಿಳಿ ರಕ್ತಕಣಗಳ ಸಂತೆ, ಒಂದು.
ಚೀಟಿಯತ್ತ ಕತ್ತು ಚಾಚಿ ಕೇಳಿದಳು:
‘ನನಗೆಷ್ಟು ಬಂತು?’
‘ಹತ್ತಕ್ಕೆ ಒಂಬತ್ತು.’
ಹೆಮ್ಮೆಯಿಂದ ಅಜ್ಜನ ಕಡೆ ತಿರುಗಿದಳು,
ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗು.

ಅಂಕ ಹೇಳುವುದು ಒಳಗೆ ಏನೋ ಬಾತಿದೆ ಅಂತ, ಅಷ್ಟೆ.
ಒಡೆಯಿತೇ ಇಲ್ಲವೇ ಎಂಬುದನ್ನು
ಕೆಂಜೆಬೆಕ್ ಆಗಲೇ ಹೇಳಿಬಿಟ್ಟಿದ್ದನೇನೋ
ತನಗೇ ತಿಳಿಯದೆ.
ಬಿಗಿದ ಚೀಲ ಬಿರಿದಾಗ ಮೊದಲು ಸಿಗುವುದು ನೆಮ್ಮದಿ.
ಮತ್ತೆ ಒತ್ತಿದೆ. ಎಡಕ್ಕೆ ಮೆತ್ತಗೆ, ಬಲಕ್ಕೆ ಹಲಗೆ.
ಇಲ್ಲ, ಅರೆ ಹಲಗೆ.
ನನ್ನ ಕೈಯನ್ನು ನಾನೇ ನಂಬದೆ ಇನ್ನೊಮ್ಮೆ ಒತ್ತಿದೆ.

ಸೂಜಿ ಚುಚ್ಚಿ, ಔಷಧದ ಸೀಸೆ ಅಜ್ಜನ ಕೈಗೆ ಎತ್ತಿಕೊಟ್ಟು,
ನಾರಿನ್‌ಗೆ ಫೋನು ಮಾಡಿ, ಅದೇ ಜೀಪು ಹತ್ತಿದೆ.
‘ನಿಧಾನ ಓಡಿಸಲೆ?’ ‘ಬೇಡ.’

ಮೊದಲ ಗುಂಡಿ. ಸದ್ದಿಲ್ಲ.
ಎರಡನೆಯದು ದೊಡ್ಡದು. ಅಜ್ಜನ ಹಲ್ಲು ಕಚ್ಚಿಕೊಂಡಿತು.
ಅವಳ ಮುಷ್ಟಿಯಲ್ಲಿ ಮೂಳೆಗಳು ಕಟಕ್ಕೆಂದವು,
ಅವಳು ಏನೂ ಅನ್ನಲಿಲ್ಲ.

ಹದಿನೆಂಟು ವರ್ಷ ಮಕ್ಕಳ ಅಳು ನಿಲ್ಲಿಸಿದವಳು ನಾನು.
ಅಳು, ಐಜಿರೆಕ್, ಅಂದೆ,
ಇಗೋ ಇನ್ನೊಂದು ಬಂತು,
ಇದಕ್ಕಾದರೂ ಅಳು.