ಹೊರಗಿನ ಕಾಲು

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಅಪ್ಪ
ಉಪ್ಪುನೀರಿನ ತೊಟ್ಟಿಯಿಂದ ಡಬ್ಬಿ ಎತ್ತಿ
ಕೊಕ್ಕೆ ಹಾಕಿ ಎಳೆದು ಹಲಗೆಗೆ ಬಿಟ್ಟರೆ
ನಾಯಿ ಅಟ್ಟಿದ ಹಾಗೆ ಓಡುತ್ತಿತ್ತು ಗಡ್ಡೆ,
ಕೊನೆಗೆ ಎಡಕ್ಕೆ ಹೊರಳಿ ಕ್ರಶರಿನ ಬಾಯಿಗೆ.
ಕ್ರಶರು ನಿಂತ ಮೇಲೆ ಅದೇ ದಾರಿಯಲ್ಲಿ ನಾನು,
ಕೂತಲ್ಲ, ನಿಂತು. ಆರು ವರ್ಷ.

ನಾವು ತಾಂಡೇಲರು. ಚುಕ್ಕಾಣಿ ಹೆಸರಿನಲ್ಲಿ ಮಾತ್ರ;
ಬೋಟು ಅಜ್ಜನ ಕಾಲಕ್ಕೇ ಮುಳುಗಿತ್ತು.
ನನಗೆ ಗೊತ್ತಿದ್ದ ಹಿಮಕ್ಕೆ ಬಂಗಡೆಯ ವಾಸನೆ.

ಎನ್‌ಸಿಸಿ ಪಟ್ಟಿಯಲ್ಲಿ ಯಾರೋ ಬಿಟ್ಟ ಜಾಗಕ್ಕೆ
ನನ್ನ ಹೆಸರು ಬರೆದರು. ಗುಲ್ಮಾರ್ಗ್, ಹದಿನಾಲ್ಕು ದಿನ.
ಸ್ವೆಟರಿನ ಬೆಲೆಚೀಟಿ ಕಿತ್ತಿರಲಿಲ್ಲ,
ಅಂಗಡಿಗೆ ವಾಪಸು ಕೊಡುವುದಿತ್ತು.
ಮೊದಲ ದಿನ ಬಗ್ಗಿ ಹಿಮವನ್ನು ಮೂಸಿ ನೋಡಿದೆ.
ಏನೂ ಇಲ್ಲ.
ವಾಸನೆಯೇ ಇಲ್ಲದ್ದನ್ನು ನಂಬುವುದು ಹೇಗೆ?

ಆಮೇಲಿನದು ಪೇಪರಿನಲ್ಲಿದೆ, ಮೂಲೆಯಲ್ಲಿ, ಕಬಡ್ಡಿಯ ಕೆಳಗೆ:
ರಾಷ್ಟ್ರ ಚಾಂಪಿಯನ್, ಮೂರು ಸಲ.
ಒಂದು ವರ್ಷ ಉಜ್ವಲ್ ಎಂದು ಅಚ್ಚಾಗಿ ಗಂಡಸಾಗಿದ್ದೆ.
ಊರವರು ಕೇಳಿದರು: ಕೆಳಕ್ಕೆ ಜಾರುವುದಕ್ಕೂ ಪದಕವೇ?
ಅದು ಯಾರಿಗೆ ಬರುವುದಿಲ್ಲ?
ನಾನೂ ನಕ್ಕೆ. ನಿಜವೇ.
ಬಾವುಟದಿಂದ ಬಾವುಟಕ್ಕೆ
ಬೀಳುವುದನ್ನು ಮುಂದೂಡುತ್ತ ಹೋಗುವುದು, ಅಷ್ಟೆ.

ಫಿನ್‌ಲ್ಯಾಂಡಿಗೆ ಹೋದದ್ದು ಒಂದೇ ಸಲ.
ಮಧ್ಯಾಹ್ನ ಎರಡಕ್ಕೇ ಕತ್ತಲಿಳಿಯುವ ಊರು.
ಅಲ್ಲಿ ಹೆಲ್ಮಿ; ಹಾಗೆಂದರೆ ಅವರಲ್ಲಿ ಮುತ್ತು.
ಹತ್ತೊಂಬತ್ತು ಚಳಿಗಾಲ ಇಳಿದವಳು, ಹನ್ನೊಂದು ಗೆಲುವು.
ದೊಡ್ಡ ಚಿನ್ನವೊಂದು ಕೈತಪ್ಪಿದ್ದು
ಸೆಕೆಂಡಿನ ನೂರು ಪಾಲಿನಲ್ಲಿ ನಾಲ್ಕು ಪಾಲಿಗೆ.
ಈಗ ಶೆಡ್ಡಿನಲ್ಲಿ ಕೂತು
ಬೇರೆಯವರ ಸ್ಕೀಗಳ ಅಂಚಿಗೆ ಅರ ತಿಕ್ಕುತ್ತಾಳೆ,
ಮೀನುಪೇಟೆಯ ಹೆಂಗಸರು ಈಳಿಗೆ ಮಸೆದಂತೆ,
ನಡುನಡುವೆ ಹೆಬ್ಬೆರಳನ್ನೇ ಕೇಳಿಕೊಂಡು.

ಆ ನಾಲ್ಕು ಪಾಲು ಅಂದರೆ ಎಷ್ಟು ಹೊತ್ತು? ಅಂದೆ.
ಕಣ್ಣು ಒಮ್ಮೆ ಮುಚ್ಚಿದಳು,
ತೆರೆಯುವ ಮೊದಲೇ
ಆಗಿಹೋಯಿತು ಅಂದಳು.

ಸ್ಪರ್ಧೆಯ ಹಿಂದಿನ ರಾತ್ರಿ ಇಳಿಜಾರಿಗೆ
ಉಪ್ಪು ಎರಚುತ್ತಿದ್ದರು, ಹಿಮ ಗಟ್ಟಿಯಾಗಲೆಂದು.
ದೀಪದ ಕಂಬಕ್ಕೆ ಒರಗಿ ನೋಡಿದೆ.
ಇಷ್ಟು ದೂರ ಬಂದು
ಅಪ್ಪನ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದೆ.

ಹನ್ನೆರಡನೆಯ ಬಾವುಟ. ಬಲ ಮೊಣಕಾಲು.
ಊಟಕ್ಕೆ ಕೂತು ಏಡಿಯ ಕಾಲು ಮುರಿದಂಥ ಸದ್ದು,
ನನ್ನೊಳಗಿನಿಂದ.
ಆಸ್ಪತ್ರೆಯಲ್ಲಿ ಹೆಲ್ಮಿ ತನ್ನ ಪ್ಯಾಂಟು ಮಡಚಿ ತೋರಿಸಿದಳು:
ಎರಡೂ ಕಾಲು ಸೇರಿ ಐದು ಹೊಲಿಗೆ.
ಚೆನ್ನಾಗಿ ಬೀಳುತ್ತೀ, ಎಲ್ಲಿ ಕಲಿತೆ?
ಬೈತಖೋಲ ಅಂದೆ. ಮತ್ತೆ ಮತ್ತೆ ಹೇಳಿಸಿಕೊಂಡಳು,
ಕಡೆಗೂ ಅವಳ ನಾಲಗೆಗೆ ಹತ್ತಲಿಲ್ಲ.
ಹೊರಡುವಾಗ ಒಂದೇ ಮಾತು:
ತಿರುವಿನಲ್ಲಿ ಭಾರ ಹೊರಗಿನ ಕಾಲಿಗೆ.
ಹೆದರಿದವರೇ ಒಳಕ್ಕೆ ವಾಲುವುದು.

ಈಗ ಪ್ಲಾಂಟಿನ ಲೆಕ್ಕ ಬರೆಯುತ್ತೇನೆ,
ಯಾವ ಬೋಟಿಗೆ ಎಷ್ಟು ಗಡ್ಡೆ, ಯಾರ ಬಾಕಿ.
ಗಾಳಿ ತಿರುಗುವ ಮುಂಚೆ ಕಾಲು ನೋಯುತ್ತದೆ.
ಬೋಟಿನವರು ಕಿಟಕಿಗೆ ಬಂದು ಕೇಳುತ್ತಾರೆ,
ಏನನ್ನುತ್ತದೆ ಉಜ್ವಲಾ, ನಿನ್ನ ಹವಾಮಾನ ಇಲಾಖೆ?
ಹೋಗಬೇಡಿ ಅಂದರೆ ಹೋಗುವುದಿಲ್ಲ.
ಪದಕಗಳಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ನಿನ್ನೆ ಸಂಜೆ, ಕ್ರಶರು ನಿಂತ ಮೇಲೆ,
ಒಡಿಶಾದಿಂದ ಬಂದ ಕೆಲಸಗಾರನ ಮಗಳು
ಹಲಗೆ ಹತ್ತಿದ್ದಳು. ಬರಿಗಾಲು.
ಕೆಳಗಿನಿಂದ ತಾಯಿ ಕೂಗಿದಳು ನನಗೆ ತಿಳಿಯದ ಭಾಷೆಯಲ್ಲಿ,
ತಿಳಿಯಿತು.
ಪೆನ್ನು ಬಿಟ್ಟು ನಾನೂ ಎದ್ದೆ ಗದರಿಸಲು.
ಹುಡುಗಿ ಆಗಲೇ ಹೊರಟಿದ್ದಳು.
ಎಡ ತಿರುವು ಬಂತು,
ಇಳಿ ಅನ್ನಬೇಕಿತ್ತು, ನಿಲ್ಲು ಅನ್ನಬೇಕಿತ್ತು,
ಬಾಯಿಂದ ಬಿದ್ದದ್ದು ಬೇರೆ:
ಹೊರಗಿನ ಕಾಲು!
ಹೊರಗಿನ ಕಾಲು, ಮಗಾ!