ಒಂಬತ್ತನೇ ಕಾಲಂ

ಪ್ರೀಸ್ಕೂಲು ಒಂಬತ್ತೂವರೆಗೆ ತೆರೆದು
ಹನ್ನೆರಡೂವರೆಗೆ ಮುಚ್ಚುತ್ತದೆ.
ನನ್ನ ಬಸ್ಸು ಡೂಂಲೈಟ್ ಸರ್ಕಲ್ಲಿಗೆ
ಐದೂ ಮುಕ್ಕಾಲಿಗೇ ಬಂದು ಹಾರನ್ ಹೊಡೆಯುತ್ತದೆ.
ಚಲಪತಿ ಮಂಡಿಯಲ್ಲಿ ಟೊಮೇಟೊ ಹರಾಜು ಬರೆಯುವವನು,
ಮಧ್ಯಾಹ್ನ ಎರಡರ ತನಕ ಅವನ ಬೆರಳಿಗೆ ಬಿಡುವಿಲ್ಲ.
ಎಷ್ಟು ಸಲ ಕೂಡಿ ಕಳೆದರೂ
ಹನ್ನೆರಡೂವರೆಗೆ ಗೇಟಿನ ಬಳಿ ಉಳಿಯುವವಳು
ನಮ್ಮ ಮಗಳೊಬ್ಬಳೇ.

ಆದರೂ ಹೋಗಿ ನೋಡಿಬಂದೆವು, ಒಂದು ದಿನದ ಸಂಬಳ ಬಿಟ್ಟು.
ಗೋಡೆ ತುಂಬ ಜಿರಾಫೆ. ಕಾಲೊರಸಿನ ಮೇಲೂ ಎ ಬಿ ಸಿ ಡಿ.
ಅಲ್ಲಿಯ ಮೇಡಂ ಹೇಳಿದರು:
'ಡೇಕೇರಲ್ಲಿ ಮಕ್ಕಳನ್ನ ನೋಡ್ಕೋತಾರೆ, ಅಷ್ಟೇ.
ನಾವು ರೆಡಿ ಮಾಡ್ತೀವಿ.'
ಕೊನೆಯ ಮಾತನ್ನು ಎರಡು ಸಲ.

ರೆಡಿ ಎಂಬ ಮಾತು ನನಗೆ ಗೊತ್ತು.
ನರಸಾಪುರದ ಶೆಡ್ಡಿನಲ್ಲಿ ಎಂಟು ಗಂಟೆ ನಿಂತು
ಉಗುರಗಲದ ಬಿಡಿಭಾಗಗಳನ್ನು ದೀಪದ ಕೆಳಗೆ ತಿರುಗಿಸುತ್ತೇನೆ,
ಒಂದಕ್ಕೆ ಏಳು ಸೆಕೆಂಡು.
ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಟ್ರೇ.
ಕೆಂಪು ಟ್ರೇಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೋ,
ನಾಲ್ಕು ವರ್ಷವಾಯಿತು, ಕೇಳಿಲ್ಲ.
ದೊಡ್ಡ ಶಾಲೆಯ ಸಂದರ್ಶನದಲ್ಲಿ
ಒಂದು ಮಗುವಿಗೆ ನಾಲ್ಕು ನಿಮಿಷವಂತೆ.

'ಎರಡೂ ಮಾಡ್ಸು,' ಅಂದಳು ಎದುರುಮನೆಯ ಶಬೀನ,
'ಬೆಳಿಗ್ಗೆ ಅಲ್ಲಿ, ಆಮೇಲೆ ಇಲ್ಲಿ, ನಡುವೆ ಆಟೊ.'
ಲೆಕ್ಕ ಹಾಕಿದೆ. ಅಷ್ಟೂ ಕಟ್ಟಿದ ಮೇಲೆ
ನನ್ನ ಸಂಬಳದಲ್ಲಿ ನನಗುಳಿದದ್ದು
ಬಸ್ಸಿನ ಕಿಟಕಿ.

ಗುಲ್‌ಪೇಟೆಯ ಮುನಿಲಕ್ಷ್ಮಮ್ಮನ ಮನೆಗೆ ಬೋರ್ಡಿಲ್ಲ.
ಹಿಟ್ಟಿನ ಗಿರಣಿಯ ಮೇಲೆ ಒಂದು ಹಜಾರ, ಏಳು ಮಕ್ಕಳು.
ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತದೆ,
ಆ ನಡುಕಕ್ಕೇ ಮಕ್ಕಳು ನಿದ್ದೆಹೋಗುತ್ತವೆ.
ನಸುಕಿಗೆ ಶಾಲಿನಲ್ಲಿ ಸುತ್ತಿದ ತನ್ಮಯಿಯನ್ನು
ಎಚ್ಚರವಾಗದ ಹಾಗೆ ಕೈಯಿಂದ ಕೈಗೆ ದಾಟಿಸುತ್ತೇನೆ,
ತುಂಬಿದ ಪಾತ್ರೆ ದಾಟಿಸುವ ಹಾಗೆ.
ವಾಪಸು ಬಂದಾಗ ವರದಿ ಬಾಯಲ್ಲೇ:
'ಗೋಲಿಯಷ್ಟು ಮುದ್ದೆ ನಾಲ್ಕು ನುಂಗಿದ್ಲು ಕಣಮ್ಮ.
ಎರಡು ಸಲ ಅತ್ಲು. ಒಂದು ಸಲ ನಿನಗೋಸ್ಕರ,
ಇನ್ನೊಂದು ಯಾಕೋ ಅವಳಿಗೂ ಗೊತ್ತಿಲ್ಲ.'

ಒಂದು ಮಾತ್ರ ಚಲಪತಿಗೆ ಹಿಡಿಸಲಿಲ್ಲ.
ಸೀಬೆಮರದಲ್ಲಿ ಓಡುವುದನ್ನು ತೋರಿಸಿ ಅವಳು
'ಉಡತ' ಅಂದಳು.
ಮನೆಯಲ್ಲಿ ನಾವು ಅಳಿಲು ಅನ್ನುತ್ತೇವೆ.
ಶಾಲೆಯವರಿಗೆ ಬೇಕಾದದ್ದು ಸ್ಕ್ವಿರಲ್.
'ತೆಲುಗು ಕಲಿಸೋಕೆ ದುಡ್ಡು ಕೊಡ್ತಿದೀವ?' ಅಂದ.
ಮುಳಬಾಗಿಲಿನ ಕಡೆಯ ಅವನ ಅಜ್ಜಿ
ಸಾಯುವತನಕ ಉಡತ ಅಂದವಳೇ,
ನಾನು ನೆನಪಿಸಲಿಲ್ಲ.
ಬದಲಿಗೆ ಆ ರಾತ್ರಿ ಚಿತ್ರದ ಪುಸ್ತಕ ತೆರೆದು ಕೂತೆ:
ಹೇಳು, ಸ್ಕ್ವಿರಲ್. ಹೇಳು.
ಅವಳು ನನ್ನ ಬಾಯನ್ನೇ ನೋಡಿ ನೋಡಿ
ಅಂಗೈಯಿಂದ ಮುಚ್ಚಿದಳು.

ಈಗ ಡಿಸೆಂಬರು. ಅರ್ಜಿಗೇ ಎಂಟುನೂರು ರೂಪಾಯಿ.
ತಂದೆಯ ಆದಾಯ, ತಾಯಿಯ ವಿದ್ಯಾಭ್ಯಾಸ, ರಕ್ತದ ಗುಂಪು.
ಒಂಬತ್ತನೇ ಕಾಲಂ: ಹಿಂದೆ ಕಲಿತ ಸಂಸ್ಥೆ.
'ಖಾಲಿ ಬಿಡು,' ಅಂದ ಚಲಪತಿ,
'ಇಲ್ಲಾಂದ್ರೆ ಆ ಜಿರಾಫೆ ಸ್ಕೂಲಿನ ಹೆಸರು ಹಾಕು, ಯಾರು ನೋಡ್ತಾರೆ.'

ಇಂಗ್ಲಿಷಿನ ದೊಡ್ಡಕ್ಷರದಲ್ಲೇ ತುಂಬಬೇಕಂತೆ,
ಚೌಕಕ್ಕೊಂದು ಅಕ್ಷರ, ಹತ್ತೇ ಚೌಕ.
ಒಂದೊಂದಾಗಿ ಕೂರಿಸುತ್ತ ಬಂದೆ.
ಹತ್ತಕ್ಕೆ ಮುನಿಲಕ್ಷ್ಮ್ ಮುಗಿಯಿತು.
ಉಳಿದ ನಾಲ್ಕಕ್ಕೆ ಜಾಗವಿರಲಿಲ್ಲ:
ಎ, ಎಂ, ಎಂ, ಎ.

'ಗೆರೆ ದಾಟಿದ್ರೆ ಕಂಪ್ಯೂಟರ್ ತಗೊಳ್ಳಲ್ಲ.'
ತಗೊಳ್ಳದಿದ್ದರೆ ಬಿಡಲಿ ಅಂದೆ. ಧೈರ್ಯದಿಂದಲ್ಲ,
ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಿತ್ತು.
ಅಂಚಿನ ಬಿಳಿಯಲ್ಲಿ ನಾಲ್ಕನ್ನೂ ಬರೆದು
ಪೆನ್ನಿನ ಮುಚ್ಚಳ ಹುಡುಕಿದೆ.
ತನ್ಮಯಿಯ ಮುಷ್ಟಿಯಲ್ಲಿತ್ತು.
ನಿದ್ದೆಯಲ್ಲೂ ಬಿಡಲೊಲ್ಲಳು.